ಹದಿಮೂರರ ಸ್ಪ್ಯಾನರ್, ಅರ್ಧ ಇಂಚು ತಲೆಯ ಬೋಲ್ಟು

13ರ ಸ್ಪ್ಯಾನರ್ ಅರ್ಧ ಇಂಚು ಅಗಲದ ಬೋಲ್ಟು ತಲೆಗೆ ಕೂರುತ್ತದೆ. ತೊಂದರೆ ಶುರುವಾಗುವುದೇ ಅಲ್ಲಿ. ಕೂರದೇ ಹೋಗಿದ್ದರೆ ಬೇರೆ ಸ್ಪ್ಯಾನರ್ ಹುಡುಕುತ್ತಿದ್ದೆವು. ಕೂತಿತಲ್ಲ ಎಂದು ಎರಡೂ ಕೈ ಹಾಕಿ ಎಳೆಯುತ್ತೇವೆ.

ಅರ್ಧ ಇಂಚು ಅಂದರೆ 12.7 ಮಿಲಿಮೀಟರ್. 13ರ ಬಾಯಿಗೂ ಅದಕ್ಕೂ ನಡುವೆ 0.3 ಮಿಲಿಮೀಟರ್ ಸಂದು. ಕಣ್ಣಿಗೆ ಕಾಣದ ಈ ಸಂದಿನಿಂದಾಗಿ ಸ್ಪ್ಯಾನರ್ ತುಸು ತಿರುಗಿದ ಮೇಲೆಯೇ ಬೋಲ್ಟಿನ ತಲೆಯನ್ನು ಹಿಡಿಯುತ್ತದೆ. ಹಾಗೆ ತಿರುಗಿ ಹಿಡಿದಾಗ ತಲೆಯ ಚಪ್ಪಟೆ ಮುಖಗಳು ಅದಕ್ಕೆ ಸಿಗುವುದಿಲ್ಲ, ಮೂಲೆಗಳು ಮಾತ್ರ ಸಿಗುತ್ತವೆ. ಇಡೀ ಮುಖಕ್ಕೆ ಹರಡಬೇಕಾದ ಬಲವೆಲ್ಲ ಆರು ಅಂಚುಗಳ ಮೇಲೆ ಬೀಳುತ್ತದೆ. ಹೊಸ ಬೋಲ್ಟು, ಸಡಿಲವಾಗಿ ಕೂತದ್ದು ಎಂದರೆ ಏನೂ ಆಗುವುದಿಲ್ಲ, ಬಿಚ್ಚಿಕೊಂಡು ಬರುತ್ತದೆ. ಅರವತ್ತು ವರ್ಷ ಮಳೆ, ಗೊಬ್ಬರ, ಒದ್ದೆ ಹುಲ್ಲು ಕಂಡ ಬೋಲ್ಟಾದರೆ ಮೂಲೆಗಳು ಸವೆದು ತಲೆ ಉರುಟಾಗುತ್ತದೆ. ಆಮೇಲೆ ಸರಿಯಾದ ಅಳತೆಯ ಸ್ಪ್ಯಾನರ್ ತಂದರೂ ಅದಕ್ಕೆ ಹಿಡಿಯಲು ಏನೂ ಉಳಿದಿರುವುದಿಲ್ಲ.

ಹಳೆಯ ಗಾರ್ಡನ್ ಟ್ರ್ಯಾಕ್ಟರ್ ರಿಪೇರಿಗೆ ಇಳಿದವರು ಮೊದಲು ಕಲಿಯುವ ಪಾಠ ಇದು. ಗಾರ್ಡನ್ ಟ್ರ್ಯಾಕ್ಟರ್ ನಮ್ಮಲ್ಲಿ ಬಳಕೆಯ ಯಂತ್ರವಲ್ಲ. ಎರಡನೇ ಮಹಾಯುದ್ಧದ ನಂತರ ಅಮೆರಿಕದ ಊರಂಚುಗಳಲ್ಲಿ ಮನೆಗಳು ಎದ್ದವು, ಮನೆಯ ಸುತ್ತ ಅರ್ಧ ಎಕರೆ, ಒಂದು ಎಕರೆ ಹುಲ್ಲು ಬೆಳೆಯಿತು. ಬೇಸಿಗೆಯಲ್ಲಿ ಹುಲ್ಲು ಕತ್ತರಿಸಬೇಕು, ಚಳಿಗಾಲದಲ್ಲಿ ಹಿಮ ತಳ್ಳಬೇಕು, ನಡುವೆ ತರಕಾರಿ ಪಾತಿಗೆ ಒಂದು ಸಾಲು ಉಳಬೇಕು. ಅದಕ್ಕೆಂದು ಹುಟ್ಟಿದ ಪುಟ್ಟ ಟ್ರ್ಯಾಕ್ಟರ್ ಇದು. ಇಂಡಿಯಾನಾದ ಸೌತ್ ಬೆಂಡ್ ಊರಿನಲ್ಲಿ ಪಾಂಡ್ ಎಂಬ ತಂದೆ ಮಗ ಸೇರಿ ಕಟ್ಟಿದ ವೀಲ್ ಹಾರ್ಸ್ ಒಂದು ಹೆಸರುವಾಸಿ ಕಂಪನಿ. ದೊಡ್ಡ ಟ್ರ್ಯಾಕ್ಟರುಗಳ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕೂಡ 1961ರಲ್ಲಿ ಕಬ್ ಕೆಡೆಟ್ ಎಂಬ ಮರಿಯನ್ನು ಹೊರತಂದಿತು. ಅದರಲ್ಲಿದ್ದದ್ದು ಏಳು ಅಶ್ವಶಕ್ತಿಯ, ಒಂದೇ ಸಿಲಿಂಡರಿನ ಕೋಹ್ಲರ್ ಎಂಜಿನ್. ನಮ್ಮ ಹೊಸ ಅಪಾರ್ಟ್‌ಮೆಂಟುಗಳ ಬಾತ್‌ರೂಮ್ ನಲ್ಲಿಗಳ ಮೇಲೆ ಕಾಣುತ್ತದಲ್ಲ, ಅದೇ ಕೋಹ್ಲರ್. ನಲ್ಲಿಯ ಜೊತೆಗೆ ಎಂಜಿನ್ನನ್ನೂ ಎರಕ ಹೊಯ್ಯುತ್ತಿದ್ದ ಕಂಪನಿ ಅದು. ಆ ಕಾಲದ ಎರಕದ ಕಬ್ಬಿಣ ಎಷ್ಟು ಗಟ್ಟಿಯೆಂದರೆ ಯಂತ್ರ ಸಾಯುವುದೇ ಇಲ್ಲ. ಹಾಗಾಗಿ ಅವು ಇಂದಿಗೂ ಹಳೆ ಶೆಡ್ಡುಗಳಲ್ಲಿ ಅಗ್ಗಕ್ಕೆ ಸಿಗುತ್ತವೆ, ಹವ್ಯಾಸಿಗಳು ಕೊಂಡು ಬಿಚ್ಚುತ್ತಾರೆ.

ಹಾಗೆ ಕೊಂಡವರಲ್ಲಿ ಕನ್ನಡದವರೂ ಇದ್ದಾರೆ. ದಾವಣಗೆರೆ ಕಡೆ ಬಹುಕಾಲ ಟ್ರ್ಯಾಕ್ಟರ್ ಗ್ಯಾರೇಜು ನಡೆಸಿದ ನನ್ನ ಪರಿಚಯದವರೊಬ್ಬರ ಸೋದರಳಿಯ ಒಹಾಯೊದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಹಳೆ ವೀಲ್ ಹಾರ್ಸ್ ಒಂದನ್ನು ತಂದು ಗ್ಯಾರೇಜಿನಲ್ಲಿ ನಿಲ್ಲಿಸಿಕೊಂಡಿದ್ದ. ತನ್ನ ಜಪಾನೀ ಕಾರಿಗೆಂದು ಇಟ್ಟುಕೊಂಡಿದ್ದ ಮೆಟ್ರಿಕ್ ಸ್ಪ್ಯಾನರ್ ಸೆಟ್ಟು ಹಿಡಿದು ಕೂತವನು ವಿಡಿಯೊ ಕಾಲ್ ಮಾಡಿದ.

"ಮಾವ, 13 ಹಾಕ್ದೆ. ಸರ್ರಂತ ತಿರುಗ್ತು."

"ಬೋಲ್ಟು ತಿರುಗ್ತೋ, ಸ್ಪ್ಯಾನರ್ ತಿರುಗ್ತೋ?"

"ಸ್ಪ್ಯಾನರ್ರು."

"ಹಂಗಾದ್ರೆ ಅಲ್ಲಿಗೇ ಬಿಡಪ್ಪ. ಇನ್ನು ಮುಟ್ಟಬೇಡ. ತಂತಿ ಬ್ರಷ್ ತಗೊಂಡು ತಲೆ ಉಜ್ಜಿ, ಅದ್ರ ಮೇಲೆ ಏನೈತೆ ನೋಡಿ ಫೋಟೋ ಕಳಿಸು."

ಬೋಲ್ಟಿನ ತಲೆಯನ್ನು ಓದಬಹುದು ಎಂಬುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ತುಕ್ಕು, ಬಣ್ಣ, ಗ್ರೀಸು ಉಜ್ಜಿ ತೆಗೆದರೆ ಅಲ್ಲಿ ಗುರುತು ಸಿಗುತ್ತದೆ. ನಡುವಿನಿಂದ ಹೊರಕ್ಕೆ ಚಾಚಿದ ಮೂರು ಗೆರೆ ಇದ್ದರೆ ಅದು ಅಮೆರಿಕದ ಇಂಚಿನ ಬೋಲ್ಟು, ಗ್ರೇಡ್ 5. ಆರು ಗೆರೆ ಇದ್ದರೆ ಗ್ರೇಡ್ 8, ಇನ್ನೂ ಗಟ್ಟಿ ಉಕ್ಕು. 8.8 ಅಥವಾ 10.9 ಎಂದು ಅಂಕಿ ಒತ್ತಿದ್ದರೆ ಮೆಟ್ರಿಕ್. ಏನೂ ಇಲ್ಲದ ಬೋಳು ತಲೆಯಾದರೆ ಸಾಮಾನ್ಯವಾಗಿ ಮೆದು ಬೋಲ್ಟು, ಅದನ್ನು ಮೈಮೇಲೆ ಎಚ್ಚರವಿಟ್ಟು ತಿರುಗಿಸಬೇಕು. ಹುಡುಗ ಕಳಿಸಿದ ಫೋಟೋದಲ್ಲಿ ಮೂರು ಗೆರೆ ಸ್ಪಷ್ಟವಾಗಿ ಕಾಣುತ್ತಿದ್ದವು. ಮೂಲೆಗಳು ಇನ್ನೂ ಪೂರಾ ಸವೆದಿರಲಿಲ್ಲ, ಪುಣ್ಯ.

ಅಮೆರಿಕದ ಅಳತೆಯಲ್ಲಿ ಸ್ಪ್ಯಾನರಿನ ಮೇಲಿರುವ ಅಂಕಿ ತಲೆಯ ಎದುರುಬದುರು ಎರಡು ಮುಖಗಳ ನಡುವಿನ ದೂರ. 1/4 ಇಂಚಿನ ಬೋಲ್ಟಿಗೆ 7/16ರ ಸ್ಪ್ಯಾನರ್. 5/16ರ ಬೋಲ್ಟಿಗೆ 1/2. 3/8ರ ಬೋಲ್ಟಿಗೆ 9/16. 1/2 ಇಂಚಿನ ಬೋಲ್ಟಿಗೆ 3/4. ಗಾರ್ಡನ್ ಟ್ರ್ಯಾಕ್ಟರಿನ ಬಹುಪಾಲು ಕೆಲಸ ಇಷ್ಟರಲ್ಲೇ ಮುಗಿಯುತ್ತದೆ. ಇವುಗಳಲ್ಲಿ ಅತಿ ಹೆಚ್ಚು ತಲೆನೋವಿನದು 9/16. ಅದು ಲೆಕ್ಕದಲ್ಲಿ 14.29 ಮಿಲಿಮೀಟರ್. 14 ಒಳಗೆ ಹೋಗುವುದಿಲ್ಲ, 15 ಗಡಗಡ ಅಲ್ಲಾಡುತ್ತದೆ. ತಲೆಯ ಅಳತೆಯಲ್ಲಿ ಕಾರ್ಖಾನೆ ಬಿಟ್ಟುಕೊಡುವ ಸಣ್ಣ ಹೆಚ್ಚುಕಡಿಮೆಯಿಂದಾಗಿ ಕೆಲವು ಬೋಲ್ಟುಗಳಿಗೆ 14 ಕಷ್ಟಪಟ್ಟು ಏರುತ್ತದೆ. ಸುತ್ತಿಗೆಯಿಂದ ಬಡಿದು ಏರಿಸುವ ಮೆಕ್ಯಾನಿಕ್‌ಗಳೂ ಇದ್ದಾರೆ. ಅದು ಬಿಚ್ಚಲು ಒಂದು ದಾರಿಯೇನೋ ಹೌದು, ಆದರೆ ಆ ಸ್ಪ್ಯಾನರನ್ನು ಮತ್ತೆ ತಲೆಯಿಂದ ಬಿಡಿಸಿಕೊಳ್ಳುವುದು ಇನ್ನೊಂದು ಕೆಲಸ.

ಇಷ್ಟು ಗೋಜಲು ಯಾಕೆ ಬಂತು? ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ಬೇರೆ ಬೇರೆ ಕಾರ್ಖಾನೆಗಳ ಸ್ಕ್ರೂಗಳನ್ನು ಸಂಗ್ರಹಿಸಿ, ಅವುಗಳ ಸರಾಸರಿ ಹಿಡಿದು 1841ರಲ್ಲಿ ಒಂದು ಕಟ್ಟಳೆ ಮುಂದಿಟ್ಟ. ಥ್ರೆಡ್ಡಿನ ಕೋನ 55 ಡಿಗ್ರಿ. ಅಮೆರಿಕದಲ್ಲಿ ವಿಲಿಯಂ ಸೆಲರ್ಸ್ 1864ರಲ್ಲಿ ಫಿಲಡೆಲ್ಫಿಯಾದಲ್ಲಿ ತನ್ನದೇ ಕಟ್ಟಳೆ ಮಂಡಿಸಿದ. ಅವನ ಕೋನ 60 ಡಿಗ್ರಿ, ಮಾಡಲು ಸುಲಭ ಎಂಬುದು ಅವನ ವಾದ. ಎರಡೂ ಕಡೆ ಇಂಚೇ, ಆದರೂ ಬೋಲ್ಟು ಬೇರೆ. ಒಂದಷ್ಟು ಅಳತೆಗಳಲ್ಲಿ ಇಂಚಿಗೆ ಬರುವ ಥ್ರೆಡ್ಡಿನ ಎಣಿಕೆ ಒಂದೇ ಆಗಿದ್ದರಿಂದ ಒಂದರ ನಟ್ಟು ಇನ್ನೊಂದರ ಬೋಲ್ಟಿಗೆ ಹೇಗೋ ಸುತ್ತಿಕೊಳ್ಳುತ್ತದೆ. ಅರ್ಧ ಇಂಚಿಗೆ ಬಂದಾಗ ಮಾತ್ರ ಕೈಕೊಡುತ್ತದೆ, ಬ್ರಿಟನ್ನಿನದರಲ್ಲಿ ಇಂಚಿಗೆ 12 ಥ್ರೆಡ್ಡು, ಅಮೆರಿಕದ್ದರಲ್ಲಿ 13.

ಎರಡನೇ ಮಹಾಯುದ್ಧದಲ್ಲಿ ಇದು ನಗೆಯಾಡುವ ವಿಷಯವಾಗಿ ಉಳಿಯಲಿಲ್ಲ. ಒಂದೇ ಪಕ್ಷದಲ್ಲಿ ಕಾದಾಡುವ ಎರಡು ಸೇನೆಗಳ ಬಿಡಿಭಾಗ ಒಂದಕ್ಕೊಂದು ಕೂರದು. ರೋಲ್ಸ್ ರಾಯ್ಸ್‌ನ ಮರ್ಲಿನ್ ವಿಮಾನ ಎಂಜಿನ್ನನ್ನು ಡೆಟ್ರಾಯಿಟ್‌ನ ಪ್ಯಾಕರ್ಡ್ ಕಂಪನಿ ತಯಾರಿಸಬೇಕಾದಾಗ ಬ್ರಿಟಿಷ್ ಥ್ರೆಡ್ಡುಗಳನ್ನು ಕೊರೆಯುವ ಟ್ಯಾಪುಗಳನ್ನೇ ಹೊಸದಾಗಿ ಮಾಡಿಕೊಳ್ಳಬೇಕಾಯಿತು. ಯುದ್ಧ ಮುಗಿದ ಮೇಲೆ, 1948ರ ನವೆಂಬರಿನಲ್ಲಿ, ಅಮೆರಿಕ, ಬ್ರಿಟನ್, ಕೆನಡಾ ಮೂರೂ ವಾಷಿಂಗ್ಟನ್‌ನಲ್ಲಿ ಕೂತು 60 ಡಿಗ್ರಿಯ ಒಂದೇ ಇಂಚಿನ ಥ್ರೆಡ್ಡಿಗೆ ಒಪ್ಪಿದವು. ಕಾಗದದ ಮೇಲೆ ಒಪ್ಪಿದ್ದು ಕಾರ್ಖಾನೆಗೆ ಬರಲು ವರ್ಷಗಳೇ ಹಿಡಿದವು.

ಹಾಗಾಗಿ ಬ್ರಿಟನ್ನಿನ ಹಳೆ ತೋಟದ ಟ್ರ್ಯಾಕ್ಟರ್ ಸಿಕ್ಕವರ ಪಾಡು ಬೇರೆ. ಇಪ್ಸ್‌ವಿಚ್‌ನ ರ‍್ಯಾನ್ಸಮ್ಸ್ ಕಂಪನಿ 1936ರಿಂದ ಮಾರಿದ ಎಂಜಿ ಸರಣಿಯ ಪುಟ್ಟ ಟ್ರ್ಯಾಕ್ಟರುಗಳು ಚಕ್ರದ ಬದಲು ಪಟ್ಟಿಯ ಮೇಲೆ ಓಡುತ್ತಿದ್ದವು, ತರಕಾರಿ ಬೆಳೆಯುವ ಸಣ್ಣ ಹಿಡುವಳಿಗಳಿಗೆಂದು ಮಾಡಿದ್ದು. ಅವಕ್ಕೆ ವಿಟ್‌ವರ್ತ್ ಸ್ಪ್ಯಾನರ್ ಬೇಕು. ಆ ಸ್ಪ್ಯಾನರಿನ ಮೇಲಿನ ಅಂಕಿ ತಲೆಯ ಅಗಲವಲ್ಲ, ಬೋಲ್ಟಿನ ದಪ್ಪ. 1/4 ಎಂದು ಬರೆದ ವಿಟ್‌ವರ್ತ್ ಸ್ಪ್ಯಾನರಿನ ಬಾಯಿ ನಿಜದಲ್ಲಿ 0.525 ಇಂಚು. ಅಮೆರಿಕದ 1/4ರ ಸ್ಪ್ಯಾನರ್ ಪಕ್ಕ ಇಟ್ಟು ನೋಡಿದರೆ ಒಂದು ಇನ್ನೊಂದರ ಎರಡರಷ್ಟಿದೆ. ಸಾಲದ್ದಕ್ಕೆ ಯುದ್ಧಕಾಲದಲ್ಲಿ ಉಕ್ಕು ಉಳಿಸಲೆಂದು ಬ್ರಿಟನ್ ತನ್ನ ಬೋಲ್ಟಿನ ತಲೆಗಳನ್ನು ಒಂದು ಅಳತೆ ಕಿರಿದು ಮಾಡಿತು. ಅದಕ್ಕೇ ಹಳೆಯ ಬ್ರಿಟಿಷ್ ಸ್ಪ್ಯಾನರುಗಳ ಮೇಲೆ ಎರಡೆರಡು ಅಂಕಿ ಇರುತ್ತವೆ. ಗುಜರಿಯಲ್ಲಿ ಅಂಥ ಸ್ಪ್ಯಾನರ್ ಕೈಗೆ ಸಿಕ್ಕರೆ ಬಿಡಬೇಡಿ. ನಮ್ಮ ಹಳೆ ಪಂಪ್‌ಸೆಟ್ಟುಗಳಿಗೂ ಹಳೆ ಬುಲೆಟ್ಟುಗಳಿಗೂ ಅದೇ ಬೇಕಾಗುವುದುಂಟು.

ಯಂತ್ರ ಯಾವ ದೇಶದ್ದು, ಯಾವ ಇಸವಿಯದು ಎಂದು ಗೊತ್ತಾದರೆ ಸ್ಪ್ಯಾನರ್ ಯಾವುದೆಂದು ಗೊತ್ತಾಯಿತು ಎಂದು ಕೈಪಿಡಿಗಳು ಹೇಳುತ್ತವೆ. ಅರ್ಧ ಸತ್ಯ. ಅರವತ್ತು ವರ್ಷದಲ್ಲಿ ಆ ಟ್ರ್ಯಾಕ್ಟರಿನ ಮೇಲೆ ಎಷ್ಟು ಜನ ಕೈಯಾಡಿಸಿದ್ದಾರೋ ಯಾರಿಗೆ ಗೊತ್ತು. ಬೋಲ್ಟು ಮುರಿದಾಗ ಡಬ್ಬಿಯಲ್ಲಿ ಸಿಕ್ಕ ಇನ್ನೊಂದನ್ನು ಹಾಕಿರುತ್ತಾರೆ. 5/16 ಇಂಚು ಮತ್ತು 8 ಮಿಲಿಮೀಟರ್ ಬೋಲ್ಟುಗಳ ದಪ್ಪದಲ್ಲಿ ವ್ಯತ್ಯಾಸ ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗಕ್ಕೆ ತುಸು ಹೆಚ್ಚು, ಅಷ್ಟೆ. ಆದರೆ ಒರಟು ಥ್ರೆಡ್ಡಿನ 5/16ರಲ್ಲಿ ಒಂದು ಸುತ್ತಿಗೆ 1.41 ಮಿಲಿಮೀಟರ್, ಮೆಟ್ರಿಕ್‌ನಲ್ಲಿ 1.25. ಮೆಟ್ರಿಕ್ ಬೋಲ್ಟು ಇಂಚಿನ ತೂತಿಗೆ ಎರಡು ಸುತ್ತು ಸಲೀಸಾಗಿ ಹೋಗುತ್ತದೆ, ಆಮೇಲೆ ಬಿಗಿಯುತ್ತದೆ. ಅಲ್ಲಿಂದ ಮುಂದೆ ತಿರುಗಿಸಿದವನು ಥ್ರೆಡ್ಡನ್ನು ಕೆಡಿಸುತ್ತಾ ಹೋಗಿರುತ್ತಾನೆ, ಬಿಗಿಯಾಯಿತು ಎಂದು ಖುಷಿಯೂ ಪಟ್ಟಿರುತ್ತಾನೆ. ಅವನಾದ ಮೇಲೆ ಬಂದವರಿಗೆ ಅಕ್ಕಪಕ್ಕದ ಎರಡು ಬೋಲ್ಟುಗಳಿಗೆ ಎರಡು ಬೇರೆ ಸ್ಪ್ಯಾನರ್. ಆದ್ದರಿಂದ ಟ್ರ್ಯಾಕ್ಟರನ್ನಲ್ಲ, ಎದುರಿಗಿರುವ ಬೋಲ್ಟನ್ನು ಅಳೆಯಬೇಕು. ಒಂದು ಅಗ್ಗದ ವರ್ನಿಯರ್ ಕ್ಯಾಲಿಪರ್, ಒಂದು ಥ್ರೆಡ್ ಗೇಜು. ಎರಡೂ ಸೇರಿ ಒಂದು ಒಳ್ಳೆಯ ಸಾಕೆಟ್ ಸೆಟ್ಟಿನ ಬೆಲೆಗಿಂತ ಎಷ್ಟೋ ಕಡಿಮೆ.

ಅಳತೆ ಸರಿಯಾದ ಮೇಲೂ ಆಕಾರ ನೋಡಬೇಕು. ನಮ್ಮ ಗ್ಯಾರೇಜುಗಳಲ್ಲಿ ರಿಂಗ್ ಸ್ಪ್ಯಾನರ್ ಅಂದರೆ ಹನ್ನೆರಡು ಮೂಲೆಯದು. ಇಕ್ಕಟ್ಟಿನ ಜಾಗದಲ್ಲಿ ಸ್ವಲ್ಪ ತಿರುಗಿಸಿ, ತೆಗೆದು, ಮತ್ತೆ ಹಾಕಲು ಅನುಕೂಲ. ಆದರೆ ಜಾಮ್ ಆದ ಬೋಲ್ಟಿಗೆ ಆರು ಮೂಲೆಯ ಸಾಕೆಟ್ಟೇ ಬೇಕು, ಅದರ ಗೋಡೆ ತಲೆಯ ಮುಖಕ್ಕೆ ಹೆಚ್ಚು ಅಂಟಿಕೊಂಡು ನಿಲ್ಲುತ್ತದೆ. ಬಾಯಿ ತೆರೆದ ಸ್ಪ್ಯಾನರ್ ಆಗಲೇ ಸಡಿಲವಾದ ನಟ್ಟನ್ನು ಬೇಗ ಬಿಚ್ಚಲಿಕ್ಕೆ, ಮೊದಲ ಎಳೆತಕ್ಕಲ್ಲ. ಸ್ಕ್ರೂ ಸ್ಪ್ಯಾನರ್ ಬಗ್ಗೆ ನನಗೆ ಒಳ್ಳೆಯ ಮಾತು ಹೊಳೆಯುವುದಿಲ್ಲ. ಎಲ್ಲಕ್ಕೂ ಕೂರುತ್ತದೆ ಎಂಬುದೇ ಅದರ ಕೆಟ್ಟ ಗುಣ. ಅದರ ಸರಿಯುವ ದವಡೆ ಭಾರ ಬಿದ್ದ ಕೂಡಲೇ ತುಸು ಹಿಂದೆ ಜರುಗುತ್ತದೆ, ಬೋಲ್ಟಿನ ಮೂಲೆ ಅಲ್ಲೇ ಹೋಯಿತು. ನಲ್ಲಿ ರಿಪೇರಿಗೆ ಇರಲಿ.

ವೀಲ್ ಹಾರ್ಸ್‌ನ ಹಿಂದಿನ ಚಕ್ರದ ಹಬ್ಬು ಹವ್ಯಾಸಿಗಳ ನಡುವೆ ಕುಖ್ಯಾತ. ಅದನ್ನು ಆಕ್ಸಲಿಗೆ ಹಿಡಿದಿಡುವುದು ಒಂದು ಕೀ ಮತ್ತು ಒಂದು ಚೌಕ ತಲೆಯ ಸೆಟ್ ಸ್ಕ್ರೂ. ಚೌಕ ತಲೆ! ಆರು ಮೂಲೆಯ ಸಾಕೆಟ್ಟು ಅದಕ್ಕೆ ಕೂರುವುದೇ ಇಲ್ಲ. ಹನ್ನೆರಡು ಮೂಲೆಯದು ಒಂದೆರಡು ಅಳತೆ ದೊಡ್ಡದು ಹಾಕಿದರೆ ಕೂತಂತೆ ಕಾಣುತ್ತದೆ, ಆದರೆ ನಾಲ್ಕು ಮೂಲೆಗಳ ತುದಿ ಮಾತ್ರ ಅದಕ್ಕೆ ತಾಗಿರುತ್ತದೆ. ಇದಕ್ಕೆಂದೇ ಎಂಟು ಮೂಲೆಯ ಸಾಕೆಟ್ ಇದೆ. ಸಿಗದಿದ್ದರೆ ಬಾಯಿ ತೆರೆದ ಒಳ್ಳೆಯ ಸ್ಪ್ಯಾನರ್ ಆದೀತು, ಮೊದಲ ಎಳೆತದ ಬಗ್ಗೆ ಮೇಲೆ ಹೇಳಿದ ಮಾತಿಗೆ ಇದೊಂದು ಅಪವಾದ. ಇಲ್ಲಿ ಲೆಕ್ಕವೂ ಬದಲು. ಚೌಕ ತಲೆಯ ಸೆಟ್ ಸ್ಕ್ರೂವಿನ ತಲೆಯ ಅಗಲ ಸ್ಕ್ರೂವಿನ ದಪ್ಪದಷ್ಟೇ ಇರುತ್ತದೆ. 3/8ರ ಸ್ಕ್ರೂವಿಗೆ 3/8ರದೇ ಸ್ಪ್ಯಾನರ್, 9/16 ಅಲ್ಲ.

ಒಹಾಯೊದ ಹುಡುಗ ಆಮೇಲೆ ಸಿಕ್ಕಿಬಿದ್ದದ್ದೂ ಅಲ್ಲೇ. ಮಾವ ಹೇಳಿದ ಔಷಧಿ ಗ್ಯಾರೇಜಿನವರಿಗೆಲ್ಲ ಗೊತ್ತಿರುವಂಥದ್ದು. ತುಕ್ಕು ಬಿಡಿಸುವ ಎಣ್ಣೆ ಹಾಕು, ರಾತ್ರಿ ಬಿಡು, ಬೆಳಿಗ್ಗೆ ಮತ್ತೆ ಹಾಕು. ಕಬ್ಬಿಣ ತುಕ್ಕಾದಾಗ ಊದಿಕೊಳ್ಳುತ್ತದೆ, ಇದ್ದ ಸಂದನ್ನೆಲ್ಲ ತುಂಬಿ ಒತ್ತುತ್ತದೆ. ಎಣ್ಣೆ ಅದರೊಳಗೆ ಇಳಿಯಲು ಹೊತ್ತು ಬೇಕು. ತಲೆಯ ಮೇಲೆ ಸುತ್ತಿಗೆಯಿಂದ ನೇರವಾಗಿ ನಾಲ್ಕು ಸಣ್ಣ ಪೆಟ್ಟು ಕೊಟ್ಟರೆ ತುಕ್ಕು ಒಡೆದು ಎಣ್ಣೆಗೆ ದಾರಿಯಾಗುತ್ತದೆ. ಆಗಲೂ ಬರದಿದ್ದರೆ ಬೆಂಕಿ. ಕಾಯಿಸಬೇಕಾದ್ದು ಸ್ಕ್ರೂವನ್ನಲ್ಲ, ಅದರ ಸುತ್ತಲಿನ ಹಬ್ಬನ್ನು. ಹಬ್ಬು ಹಿಗ್ಗಿದರೆ ಹಿಡಿತ ಬಿಡುತ್ತದೆ. ಬಿಸಿ ಇರುವಾಗ ಮೇಣದಬತ್ತಿಯನ್ನು ಸ್ಕ್ರೂವಿಗೆ ತಾಗಿಸಿದರೆ ಕರಗಿದ ಮೇಣ ಥ್ರೆಡ್ಡಿನೊಳಗೆ ಹರಿಯುತ್ತದೆ. ಬೆಂಕಿ ಹಚ್ಚುವ ಮೊದಲು ಪೆಟ್ರೋಲ್ ಟ್ಯಾಂಕು ಬಿಚ್ಚಿ ದೂರ ಇಡಬೇಕು, ಹಾಕಿದ ಎಣ್ಣೆಯನ್ನೂ ಒರೆಸಿರಬೇಕು. ಮಾವ ಇದನ್ನು ಎರಡು ಸಲ ಹೇಳಿಸಿ ಒಪ್ಪಿಸಿಕೊಂಡರು. ಹಿಂದೆ ಮುಂದೆ ಸಣ್ಣಗೆ ಆಡಿಸುತ್ತಾ ಬಿಚ್ಚಬೇಕು, ಒಂದೇ ದಿಕ್ಕಿಗೆ ಪೈಪು ಹಾಕಿ ಎಳೆದರೆ ಸ್ಕ್ರೂ ಒಳಗೇ ತುಂಡಾಗುತ್ತದೆ. ಮೂರನೇ ದಿನ ಸ್ಕ್ರೂ ಇಡಿಯಾಗಿ ಅಂಗೈಯಲ್ಲಿತ್ತು, ಫೋಟೋ ಬಂತು.

ನಟ್ಟು ಬೋಲ್ಟುಗಳ ಈ ಕಾಟವನ್ನು ಮೊದಲೇ ಊಹಿಸಿದ ಒಬ್ಬನಿದ್ದ. ಹ್ಯಾರಿ ಫರ್ಗ್ಯುಸನ್. 1946ರಿಂದ ಕಾವೆಂಟ್ರಿಯಲ್ಲಿ ತಯಾರಾದ ಅವನ ಬೂದು ಬಣ್ಣದ ಟಿಇ20 ಟ್ರ್ಯಾಕ್ಟರಿಗೆ ನೇಗಿಲು ಕಟ್ಟುವುದು, ಬಿಚ್ಚುವುದು, ಹೊಂದಿಸುವುದು ಎಲ್ಲಕ್ಕೂ ಒಂದೇ ಸ್ಪ್ಯಾನರ್ ಸಾಕಾಗುವಂತೆ ಅವನು ನಟ್ಟುಗಳ ಅಳತೆಗಳನ್ನು ಕಟ್ಟುನಿಟ್ಟಾಗಿ ಮಿತಗೊಳಿಸಿದ. ಎರಡು ಬಾಯಿಯ ಆ ಸ್ಪ್ಯಾನರಿನ ಹಿಡಿಕೆಯ ಮೇಲೆ ಇಂಚಿನ ಗೆರೆಗಳನ್ನೂ ಹಾಕಿಸಿದ, ರೈತ ಅದರಲ್ಲೇ ಉಳುಮೆಯ ಸಾಲನ್ನೂ ಅಳೆಯಬಹುದು. ಯಂತ್ರ ರೂಪಿಸುವವನು ರಿಪೇರಿ ಮಾಡುವವನ ಕೈಯನ್ನು ನೆನೆದು ಮಾಡಿದ ಕೆಲಸ ಇದು. ಇವತ್ತಿನ ಕಾರಿನ ಬಾನೆಟ್ ಎತ್ತಿ ನೋಡಿದಾಗೆಲ್ಲ ನನಗೆ ಆ ಸ್ಪ್ಯಾನರ್ ನೆನಪಾಗುತ್ತದೆ. ಫರ್ಗ್ಯುಸನ್ ಹೆಸರು ಮುಂದೆ ಮ್ಯಾಸಿ ಫರ್ಗ್ಯುಸನ್ ಆಗಿ, ಮದ್ರಾಸಿನ ಟಾಫೆ ಮೂಲಕ ನಮ್ಮ ಹೊಲಗಳಿಗೂ ಬಂತು.

ಅಮೆರಿಕದವರ ಈ ಅಳತೆಯ ಗೋಳು ನಮ್ಮದೂ ಹೌದು. ಕಬ್ ಕೆಡೆಟ್ ಮಾಡಿದ ಅದೇ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜೊತೆ ಮಹೀಂದ್ರಾ 1963ರಲ್ಲಿ ಕೈಜೋಡಿಸಿತು, ಬಿ-275 ಟ್ರ್ಯಾಕ್ಟರು ಹೊರಬಂತು. ಅಷ್ಟರಲ್ಲಿ ದೇಶ ಮೆಟ್ರಿಕ್ ಆಗಿತ್ತು, 1956ರ ಕಾಯ್ದೆ ಬಂದು ಸೇರು ಹೋಗಿ ಕಿಲೋ ಬಂದಿತ್ತು. ಆದರೆ ಕಾಯ್ದೆ ಬದಲಿಸಿದ್ದು ಅಂಗಡಿಯ ತಕ್ಕಡಿಯನ್ನು. ಬೋಲ್ಟು ಕೇಳುವುದು ಮೂಲ ನಕ್ಷೆಯ ಮಾತನ್ನು, ನಕ್ಷೆ ಇಂಗ್ಲೆಂಡಿನದು, ಅದು ಇಂಚಿನದು. ಚೆಕೊಸ್ಲೊವಾಕಿಯಾದ ಜೆಟರ್ ನಕ್ಷೆ ಹಿಡಿದು 1971ರಿಂದ ಬಂದ ಎಚ್‌ಎಂಟಿ ಟ್ರ್ಯಾಕ್ಟರು ಪೂರಾ ಮೆಟ್ರಿಕ್. ಬೆಂಗಳೂರಿನ ವಿಎಸ್‌ಟಿ ಜಪಾನಿನ ಮಿತ್ಸುಬಿಷಿ ಜೊತೆ ಸೇರಿ ಮಾಡಿದ ಪವರ್ ಟಿಲ್ಲರೂ ಮೆಟ್ರಿಕ್ಕೇ, ಆದರೆ ಜಪಾನಿನ ಮೆಟ್ರಿಕ್. 8 ಮಿಲಿಮೀಟರ್ ಬೋಲ್ಟಿಗೆ ಯುರೋಪಿನವರು 13ರ ತಲೆ ಇಡುತ್ತಾರೆ, ಜಪಾನಿನವರು 12ರದು. 10ರ ಬೋಲ್ಟಿಗೆ ಹಳೆ ಜರ್ಮನ್ ಪದ್ಧತಿಯಲ್ಲಿ 17, ಜಪಾನಿನಲ್ಲಿ 14. ಈ ಮೂರೂ ಯಂತ್ರಗಳು ಒಂದೇ ಮನೆಯ ಶೆಡ್ಡಿನಲ್ಲಿ ನಿಂತಿದ್ದರೆ ಸ್ಪ್ಯಾನರ್ ಪೆಟ್ಟಿಗೆ ದೊಡ್ಡದಾಗದೆ ಗತಿಯಿಲ್ಲ.

ಮುರಿದ ಇಂಚಿನ ಬೋಲ್ಟಿನ ಬದಲಿಗೆ ಅಂಥದ್ದೇ ಬೋಲ್ಟು ಸಿಗದಿದ್ದರೆ ಲೇತಿನವರ ಹತ್ತಿರ ಮಾಡಿಸಬಹುದು. ಹರಿಹರದ ಮೈಸೂರು ಕಿರ್ಲೋಸ್ಕರ್ ಲೇತುಗಳು ನಮ್ಮ ಊರೂರಿನ ವರ್ಕ್‌ಶಾಪುಗಳಲ್ಲಿ ಇನ್ನೂ ಓಡುತ್ತಿವೆ. ಇಂಚಿನ ಲೇತಿನಲ್ಲಿ ಮೆಟ್ರಿಕ್ ಥ್ರೆಡ್ಡು, ಮೆಟ್ರಿಕ್ ಲೇತಿನಲ್ಲಿ ಇಂಚಿನ ಥ್ರೆಡ್ಡು ತೆಗೆಯಲು 127 ಹಲ್ಲಿನ ಗೇರು ಬಳಸುತ್ತಾರೆ. ಒಂದು ಇಂಚಿಗೆ 25.4 ಮಿಲಿಮೀಟರ್, ಅದರ ಐದರಷ್ಟು 127, ಹೀಗಾಗಿ ಆ ಎಣಿಕೆ. ಲೇತಿನವರಿಗೆ ಮುರಿದ ಬೋಲ್ಟಿನ ತುಂಡು ತೋರಿಸಿ, ಬಾಯಲ್ಲಿ ಅಳತೆ ಹೇಳಬೇಡಿ.

ಇನ್ನು ಕೊಳ್ಳುವ ಮಾತು. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಇಂಚಿನ ಸೆಟ್ಟು ಕೇಳಿದರೆ ದೊಡ್ಡ ಪೆಟ್ಟಿಗೆ ಎದುರಿಗಿಡುತ್ತಾರೆ, ಅಷ್ಟೂ ಬೇಕಿಲ್ಲ. 5/8 ಇಂಚು ಅಂದರೆ 15.88 ಮಿಲಿಮೀಟರ್, ನಿಮ್ಮಲ್ಲಿರುವ 16 ಅದಕ್ಕೆ ಚೆನ್ನಾಗಿ ಕೂರುತ್ತದೆ. 3/4 ಇಂಚು 19.05, ಅದಕ್ಕೆ 19. 5/16ರ ತಲೆಗೆ 8. ಕೈಯಲ್ಲಿರುವ ಮೆಟ್ರಿಕ್ ಸೆಟ್ಟಿನಿಂದ ಇಷ್ಟು ಕೆಲಸ ಆಗುತ್ತದೆ. ಇದರಾಚೆ 7/16, 1/2, 9/16 ಈ ಮೂರರಲ್ಲಿ ಮಾತ್ರ ರಾಜಿ ಬೇಡ. ಆರು ಮೂಲೆಯ ಸಾಕೆಟ್ ಮೂರು, ರಿಂಗ್ ಸ್ಪ್ಯಾನರ್ ಮೂರು ಬಿಡಿಬಿಡಿಯಾಗಿ ಕೊಳ್ಳಿ. ವೀಲ್ ಹಾರ್ಸ್ ಇದ್ದವರು 3/8ರ ಎಂಟು ಮೂಲೆಯದೊಂದನ್ನು ಸೇರಿಸಿಕೊಳ್ಳಲಿ, ಬಿ-275 ಇದ್ದವರಿಗೆ ಅದು ಬೇಕಾಗಿಲ್ಲ.